ಪದವಿಯಿಂದ ಶಾಖೆಗೆ: ಪ್ರೊಬೇಷನರಿ ಅಧಿಕಾರಿಯ ಎರಡು ವರ್ಷಗಳು

ಪದವಿ ಮುಗಿಸಿದ ಯುವಕ ಯುವತಿಯರನ್ನು ನೇರವಾಗಿ ಅಧಿಕಾರಿ ದರ್ಜೆಗೆ ಆರಿಸಿಕೊಂಡು, ಸಾಮಾನ್ಯವಾಗಿ ಎರಡು ವರ್ಷಗಳ ಕಾಲ ಬ್ಯಾಂಕಿನ ಬೇರೆ ಬೇರೆ ಕೆಲಸಗಳಲ್ಲಿ ತೊಡಗಿಸಿ ಕಲಿಸಿ, ಆ ಬಳಿಕವಷ್ಟೇ ಅವರ ಹುದ್ದೆಯನ್ನು ಕಾಯಂಗೊಳಿಸುವ ಪದ್ಧತಿಯೊಂದು ಭಾರತದ ಬ್ಯಾಂಕುಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹೀಗೆ ಸೇರಿದವರನ್ನು ಪ್ರೊಬೇಷನರಿ ಆಫೀಸರ್ ಎಂದೂ, ಆಡುಮಾತಿನಲ್ಲಿ ಪಿ.ಒ. ಎಂದೂ ಕರೆಯುತ್ತಾರೆ, ಪ್ರೊಬೇಷನ್ ಎಂದರೆ ಪರಿವೀಕ್ಷಣಾ ಅವಧಿ, ಅಂದರೆ ವ್ಯಕ್ತಿಯು ಹುದ್ದೆಗೆ ತಕ್ಕವನೇ ಎಂಬುದನ್ನು ಸಂಸ್ಥೆಯು ನೋಡಿ ತಿಳಿಯುವ ಕಾಲ. ಈ ಹುದ್ದೆಯ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಬಹುಪಾಲು ಪ್ರವೇಶ ಪರೀಕ್ಷೆಯ ಸುತ್ತಲೇ ನಿಂತುಬಿಡುತ್ತದೆ. ಎಷ್ಟು ಅಂಕ ಬೇಕು, ಯಾವ ಕೋಚಿಂಗ್ ಕೇಂದ್ರ ಒಳ್ಳೆಯದು, ಈ ವರ್ಷ ಎಷ್ಟು ಹುದ್ದೆಗಳಿವೆ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುವವರು ಊರೂರಿನಲ್ಲಿ ಸಿಗುತ್ತಾರೆ. ನೇಮಕದ ಪತ್ರ ಕೈಸೇರಿದ ಮೇಲಿನ ಎರಡು ವರ್ಷಗಳಲ್ಲಿ ಏನಾಗುತ್ತದೆ, ಅದರಿಂದ ಒಬ್ಬ ಪದವೀಧರನ ಮುಂದಿನ ಮೂವತ್ತು ವರ್ಷಗಳ ದಾರಿ ಹೇಗೆ ತೀರ್ಮಾನವಾಗುತ್ತದೆ ಎಂಬುದನ್ನು ವಿವರಿಸುವವರು ಮಾತ್ರ ವಿರಳ. ತನಗೆ ಯಾವ ಕೆಲಸ ಒಗ್ಗುತ್ತದೆ ಎಂಬುದು ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸಿನಲ್ಲಿ ಬಹಳ ಜನರಿಗೆ ಗೊತ್ತಿರುವುದಿಲ್ಲ. ಅದನ್ನು ಸಂಬಳ ಪಡೆಯುತ್ತಲೇ ಕಂಡುಕೊಳ್ಳುವ ಅವಕಾಶವೇ ಈ ಎರಡು ವರ್ಷಗಳ ನಿಜವಾದ ಬೆಲೆ.

ಈ ಪದ್ಧತಿಯ ಬೇರು ಬ್ರಿಟಿಷರ ಕಾಲದಲ್ಲಿದೆ. 1921ರಲ್ಲಿ ಮೂರು ಪ್ರೆಸಿಡೆನ್ಸಿ ಬ್ಯಾಂಕುಗಳು ಕೂಡಿ ಇಂಪೀರಿಯಲ್ ಬ್ಯಾಂಕ್ ಆಫ್ ಇಂಡಿಯಾ ಆದಾಗ ಅದರ ಮೇಲಿನ ಹುದ್ದೆಗಳಲ್ಲಿ ಬಹುಪಾಲು ಯುರೋಪಿಯನ್ನರೇ ಇದ್ದರು. ಭಾರತೀಯ ಪದವೀಧರರು ಪ್ರೊಬೇಷನರಿ ಅಸಿಸ್ಟೆಂಟರಾಗಿ ಸೇರಿ ಕಲಿತು ಮೇಲೇರುವ ಕಿರಿದಾದ ಬಾಗಿಲೊಂದು ಕ್ರಮೇಣ ತೆರೆಯಿತು. ಹಾಗೆ 1943ರಲ್ಲಿ ಸೇರಿದ ಆರ್.ಕೆ. ತಲ್ವಾರ್ ಅವರು 1969ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ (ಎಸ್.ಬಿ.ಐ.) ಅಧ್ಯಕ್ಷರಾದರು. 1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕು ಸ್ಟೇಟ್ ಬ್ಯಾಂಕ್ ಆದಾಗ ಐದು ವರ್ಷಗಳಲ್ಲಿ 400 ಹೊಸ ಶಾಖೆಗಳನ್ನು ತೆರೆಯುವ ಹೊಣೆ ಅದರ ಮೇಲೆ ಬಿತ್ತು. ಶಾಖೆ ತೆರೆದರೆ ಅದನ್ನು ನಡೆಸುವವರು ಬೇಕು, ನಡೆಸುವವರನ್ನು ತಯಾರು ಮಾಡುವ ವ್ಯವಸ್ಥೆಯೂ ಬೇಕು. ಹೈದರಾಬಾದಿನಲ್ಲಿ 1961ರಲ್ಲಿ ಸ್ಟೇಟ್ ಬ್ಯಾಂಕ್ ಸ್ಟಾಫ್ ಕಾಲೇಜು ಹುಟ್ಟಿದ್ದು ಈ ಅಗತ್ಯದಿಂದಲೇ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು, 1980ರ ಏಪ್ರಿಲ್ 15ರಂದು ಇನ್ನಾರು ಬ್ಯಾಂಕುಗಳು ರಾಷ್ಟ್ರೀಕರಣಗೊಂಡು ಶಾಖೆಗಳು ಹಳ್ಳಿಗಾಡಿಗೆ ಹಬ್ಬಿದ ಮೇಲೆ, ಪದವೀಧರರನ್ನು ಪರೀಕ್ಷೆಯ ಮೂಲಕ ಆರಿಸಿ ತರಬೇತಿ ಕೊಡುವ ಪದ್ಧತಿ ದೇಶದ ಮೂಲೆಮೂಲೆಯ ಮಧ್ಯಮವರ್ಗದ ಮನೆಗಳಿಗೂ ಪರಿಚಿತವಾಯಿತು.

ಕರ್ನಾಟಕಕ್ಕೆ ಈ ಕಥೆಯಲ್ಲಿ ವಿಶೇಷವಾದ ಸ್ಥಾನವಿದೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಆರಂಭಿಸಿದ ನಿಧಿ ಮುಂದೆ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರಿಂದ ಕಾರ್ಪೊರೇಷನ್ ಬ್ಯಾಂಕಿನ ಬೀಜ ಬಿತ್ತು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಅವರು ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ, 1931ರಲ್ಲಿ ಅತ್ತಾವರ ಬಾಲಕೃಷ್ಣ ಶೆಟ್ಟಿ ಅವರ ನೇತೃತ್ವದ ವಿಜಯಾ ಬ್ಯಾಂಕ್ ಹೀಗೆ ಒಂದೇ ಕರಾವಳಿಯಿಂದ ಐದು ಬ್ಯಾಂಕುಗಳು ಎದ್ದವು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಹುಟ್ಟುಹಾಕಿದ ಪಿಗ್ಮಿ ಯೋಜನೆಯಲ್ಲಿ ಬ್ಯಾಂಕಿನ ಏಜೆಂಟನೇ ದಿನವೂ ಮನೆ ಬಾಗಿಲಿಗೆ ಹೋಗಿ ಎರಡಾಣೆಯನ್ನೂ ಬಿಡದೆ ಸಂಗ್ರಹಿಸುತ್ತಿದ್ದನು. ಮೈಸೂರು ಸಂಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರಲ್ಲಿ, ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎನಿಸಿದ ಮೈಸೂರು ಬ್ಯಾಂಕ್ ಸ್ಥಾಪನೆಯಾಗಿತ್ತು. ಈಗ ಆ ಚಿತ್ರ ಬದಲಾಗಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್.ಬಿ.ಐ.ಯೊಳಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಳಗೆ, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ವಿಲೀನವಾದವು. ಕನ್ನಡಿಗ ಪದವೀಧರನಿಗೆ ಮನೆಯಂಗಳದಲ್ಲೇ ಇದ್ದ ಬ್ಯಾಂಕುಗಳ ಸಂಖ್ಯೆ ಹೀಗೆ ಇಳಿದಿದ್ದು, ಅಖಿಲ ಭಾರತ ಮಟ್ಟದ ಪರೀಕ್ಷೆಯೇ ಮುಖ್ಯ ದ್ವಾರವಾಗಿ ಉಳಿದಿದೆ.

ಪರೀಕ್ಷೆಯ ವಿವರಗಳು ಎಲ್ಲ ಕಡೆ ಸಿಗುವುದರಿಂದ ಅವನ್ನು ಚುಟುಕಾಗಿ ಹೇಳಿದರೆ ಸಾಕು. ವಿಲೀನಗಳ ಬಳಿಕ ಉಳಿದ ಹನ್ನೆರಡು ಸರ್ಕಾರಿ ಬ್ಯಾಂಕುಗಳಲ್ಲಿ ಎಸ್.ಬಿ.ಐ. ತನ್ನದೇ ಪರೀಕ್ಷೆ ನಡೆಸುತ್ತದೆ. ಉಳಿದ ಹನ್ನೊಂದರ ಪರವಾಗಿ ಐಬಿಪಿಎಸ್ ಎಂಬ ಮುಂಬೈಯ ಸಂಸ್ಥೆ ಒಂದೇ ಸಾಮಾನ್ಯ ಪರೀಕ್ಷೆ ನಡೆಸುತ್ತದೆ. ಯಾವ ವಿಷಯದ ಪದವಿಯಾದರೂ ನಡೆಯುತ್ತದೆ. ಐಬಿಪಿಎಸ್‌ಗೆ ವಯಸ್ಸು 20ರಿಂದ 30, ಎಸ್.ಬಿ.ಐ.ಗೆ 21ರಿಂದ 30. ಮೀಸಲು ವರ್ಗಗಳಿಗೆ ಸಡಿಲಿಕೆ ಉಂಟು. ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ, ಸಂದರ್ಶನ ಎಂದು ಮೂರು ಹಂತಗಳಿದ್ದು, ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಕಾಲುಭಾಗ ಅಂಕ ಕಳೆಯುತ್ತಾರೆ. ಇಂಗ್ಲಿಷ್, ಲೆಕ್ಕ, ತರ್ಕ ಇವುಗಳಲ್ಲಿನ ವೇಗವನ್ನು ಪೂರ್ವಭಾವಿ ಪರೀಕ್ಷೆ ಅಳೆಯುತ್ತದೆ. ಸಾಲ ಕೇಳಿ ಬಂದವನ ಮುಖ ನೋಡಿ ಮಾತಾಡುವ ತಾಳ್ಮೆ, ಅನ್ಯರ ಹಣದ ವಿಷಯದಲ್ಲಿ ಇರಬೇಕಾದ ಭಯಭಕ್ತಿ ಇವುಗಳನ್ನು ಅಳೆಯಲು ಒಂದು ಗಂಟೆಯ ಪ್ರಶ್ನೆಪತ್ರಿಕೆಗೆ ಸಾಧ್ಯವಿಲ್ಲ. ಪರಿವೀಕ್ಷಣಾ ಅವಧಿ ಬೇಕಾಗುವುದು ಅದಕ್ಕೇ.

ನೇಮಕವಾದವನು ಒಂದನೆಯ ಶ್ರೇಣಿಯ ಕಿರಿಯ ಅಧಿಕಾರಿ. 2024ರ ವೇತನ ಒಪ್ಪಂದದ ಪ್ರಕಾರ ಈ ಶ್ರೇಣಿಯ ಆರಂಭದ ಮೂಲವೇತನ ತಿಂಗಳಿಗೆ 48,480 ರೂಪಾಯಿ. ತುಟ್ಟಿಭತ್ಯೆ ಮತ್ತು ಇತರ ಭತ್ಯೆಗಳು ಇದರ ಮೇಲೆ ಸೇರುತ್ತವೆ. ಹಲವು ಬ್ಯಾಂಕುಗಳು ಬಾಂಡ್ ಬರೆಸಿಕೊಳ್ಳುತ್ತವೆ, ಅಂದರೆ ನಿಗದಿಯಾದ ಅವಧಿಗೆ ಮುಂಚೆ ಕೆಲಸ ಬಿಟ್ಟರೆ ತರಬೇತಿಯ ಖರ್ಚಿನ ಲೆಕ್ಕದಲ್ಲಿ ಇಂತಿಷ್ಟು ಹಣ ಕಟ್ಟುವ ಮುಚ್ಚಳಿಕೆ. ಬಾಂಡಿನ ಷರತ್ತುಗಳನ್ನು ಓದದೆ ಸಹಿ ಹಾಕುವುದು, ನಾಳೆ ಇತರರ ಸಾಲಪತ್ರಗಳನ್ನು ಓದಿಸಿ ಸಹಿ ಹಾಕಿಸಬೇಕಾದವನಿಗೆ ಒಪ್ಪುವ ನಡೆಯಲ್ಲ.

ತರಬೇತಿಯು ಬ್ಯಾಂಕಿನ ತರಬೇತಿ ಕೇಂದ್ರದ ತರಗತಿಗಳಲ್ಲಿ ಕೆಲವು ವಾರ, ಶಾಖೆಗಳಲ್ಲಿ ಕೆಲವು ತಿಂಗಳು, ಮತ್ತೆ ತರಗತಿ ಎಂಬ ಕ್ರಮದಲ್ಲಿ ಸಾಗುತ್ತದೆ. ತರಗತಿಯಲ್ಲಿ ಬ್ಯಾಂಕಿಂಗ್ ಕಾನೂನು, ಖಾತೆಗಳ ವಿಧಗಳು, ಕಂಪ್ಯೂಟರ್ ವ್ಯವಸ್ಥೆ ಇವುಗಳ ಪರಿಚಯವಾಗುತ್ತದೆ. ಆದರೆ ನೆನಪಿನಲ್ಲಿ ಉಳಿಯುವಂತೆ ಕಲಿಸುವುದು ಶಾಖೆಯೇ. ಅಧಿಕಾರಿಯಾಗಿ ಬಂದವನು ಮೊದಲು ಕೌಂಟರಿನ ಹಿಂದೆ ನಿಲ್ಲುತ್ತಾನೆ. ನೋಟು ಎಣಿಸುವುದು, ಹರಿದ ನೋಟನ್ನು ಯಾವ ನಿಯಮದ ಪ್ರಕಾರ ಬದಲಿಸಿಕೊಡಬಹುದೆಂದು ನೋಡುವುದು, ಖೋಟಾ ನೋಟನ್ನು ಗುರುತಿಸುವುದು, ಚೆಕ್ಕಿನ ಮೇಲಿನ ಸಹಿಯನ್ನು ದಾಖಲೆಯ ಸಹಿಯೊಡನೆ ಹೋಲಿಸುವುದು, ದಿನದ ಕೊನೆಗೆ ಕೈಯಲ್ಲಿರುವ ನಗದು ಪುಸ್ತಕದ ಲೆಕ್ಕಕ್ಕೆ ತಾಳೆಯಾಗುವವರೆಗೆ ಮನೆಗೆ ಹೊರಡದಿರುವುದು ಇವೆಲ್ಲ ಪದವೀಧರನಿಗೆ ಆರಂಭದಲ್ಲಿ ತನ್ನ ಓದಿಗೆ ತಕ್ಕುದಲ್ಲವೆನಿಸಬಹುದು. ಆದರೆ ಮುಂದೆ ಶಾಖೆಯ ಮ್ಯಾನೇಜರನಾಗಿ ಕ್ಯಾಷಿಯರ್ ಒಬ್ಬರ ಲೆಕ್ಕದಲ್ಲಿ ಐದು ಸಾವಿರ ಕಡಿಮೆ ಬಂದಾಗ ಅದು ಎಣಿಕೆಯ ತಪ್ಪೋ ಬೇರೆಯದೋ ಎಂದು ನ್ಯಾಯವಾಗಿ ವಿವೇಚಿಸಬೇಕಾದವನು ಅವನೇ. ಆ ಕೌಂಟರಿನಲ್ಲಿ ಒಮ್ಮೆಯೂ ನಿಲ್ಲದವನಿಗೆ ಆ ವಿವೇಚನೆ ದಕ್ಕುವುದಿಲ್ಲ.

ಶಾಖೆಯ ಕೆಲಸದ ಒಳಗೆ ಹೆಣೆದುಕೊಂಡಿರುವ ಒಂದು ತತ್ತ್ವವನ್ನು ಹೊಸಬನು ಬೇಗನೆ ಅರಿಯಬೇಕಾಗುತ್ತದೆ. ಹಣಕ್ಕೆ ಸಂಬಂಧಿಸಿದ ಯಾವ ಕೆಲಸವೂ ಒಬ್ಬನ ಕೈಯಲ್ಲೇ ಮುಗಿಯಬಾರದು. ಗುಮಾಸ್ತರು ಕಂಪ್ಯೂಟರಿನಲ್ಲಿ ನಮೂದಿಸಿದ್ದನ್ನು ಅಧಿಕಾರಿ ಪರಿಶೀಲಿಸಿ ಒಪ್ಪಬೇಕು, ಶಾಖೆಯ ಭಾಷೆಯಲ್ಲಿ ಇದಕ್ಕೆ ಪಾಸಿಂಗ್ ಎನ್ನುತ್ತಾರೆ. ನಗದಿನ ತಿಜೋರಿಗೆ ಎರಡು ಬೀಗದ ಕೈಗಳಿದ್ದು ಅವು ಇಬ್ಬರ ಬಳಿ ಇರಬೇಕು, ಇಬ್ಬರೂ ಕೂಡಿಯೇ ತೆರೆಯಬೇಕು. ಎದುರಿಗಿರುವವರು ಹಿರಿಯರು, ಒಳ್ಳೆಯವರು, ಇಪ್ಪತ್ತು ವರ್ಷಗಳ ಅನುಭವಿಗಳು ಎಂಬ ಕಾರಣಕ್ಕೆ ತನ್ನ ಪಾಸ್‌ವರ್ಡನ್ನು ಅವರಿಗೆ ಹೇಳಿಬಿಡುವುದೇ ಹೊಸ ಅಧಿಕಾರಿಗಳು ಮಾಡುವ ದೊಡ್ಡ ತಪ್ಪು. ಆ ಪಾಸ್‌ವರ್ಡಿನಿಂದ ನಡೆದ ಪ್ರತಿ ವ್ಯವಹಾರಕ್ಕೂ ಕಾನೂನಿನ ಕಣ್ಣಿನಲ್ಲಿ ಅದರ ಒಡೆಯನೇ ಹೊಣೆಯಾಗುತ್ತಾನೆ. ಹಿರಿಯರಿಗೆ ವಿನಯದಿಂದ ಇಲ್ಲವೆನ್ನುವುದನ್ನು ಕಲಿಯುವುದೂ ಈ ತರಬೇತಿಯ ಭಾಗವೇ; ನಮ್ಮ ಮನೆಗಳಲ್ಲಿ ಬೆಳೆದವರಿಗೆ ಇದು ಸುಲಭವಾಗಿ ಬರುವುದಿಲ್ಲ.

ಪರಿವೀಕ್ಷಣಾ ಅವಧಿಯ ತಿರುಳಿರುವುದು ಸಾಲದ ಮೇಜಿನಲ್ಲಿ. ಬ್ಯಾಂಕೆಂದರೆ ಒಬ್ಬರ ಠೇವಣಿಯನ್ನು ಇನ್ನೊಬ್ಬರಿಗೆ ಸಾಲವಾಗಿ ಕೊಟ್ಟು, ಎರಡರ ಬಡ್ಡಿಯ ಅಂತರದಲ್ಲಿ ಬದುಕುವ ಸಂಸ್ಥೆ. ಆದ್ದರಿಂದ ಯಾರಿಗೆ, ಎಷ್ಟು, ಎಷ್ಟು ಕಾಲಕ್ಕೆ ಕೊಡಬಹುದು ಎಂಬ ತೀರ್ಮಾನವೇ ಅದರ ಜೀವಾಳ. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಂಡು ನೂಲು ತೆಗೆಯುವ ರೀಲರನ ಉದಾಹರಣೆ ತೆಗೆದುಕೊಳ್ಳಬಹುದು. ಗೂಡಿಗೆ ಅವನು ಇಂದೇ ಹಣ ಕೊಡಬೇಕು. ಗೂಡು ನೂಲಾಗಲು ಕೆಲವು ದಿನ, ನೂಲು ಮಾರಾಟವಾಗಲು ಮತ್ತೆ ಕೆಲವು ದಿನ, ಕೊಂಡವನು ಹಣ ಕೊಡಲು ಇನ್ನೂ ಕೆಲವು ವಾರ ಹಿಡಿಯುತ್ತದೆ. ಹಣ ಕೈಬಿಟ್ಟ ದಿನಕ್ಕೂ ಕೈಗೆ ಮರಳುವ ದಿನಕ್ಕೂ ನಡುವಿನ ಈ ಅಂತರವನ್ನು ತುಂಬುವ ಹಣಕ್ಕೆ ದುಡಿಯುವ ಬಂಡವಾಳ ಎಂದು ಹೆಸರು. ಬ್ಯಾಂಕು ಇದನ್ನು ಕ್ಯಾಶ್ ಕ್ರೆಡಿಟ್ ಖಾತೆಯ ಮೂಲಕ ಒದಗಿಸುತ್ತದೆ. ಅಂದರೆ ಒಂದು ಮಿತಿಯೊಳಗೆ ಅವನು ಬೇಕಾದಾಗ ಹಣ ತೆಗೆದು, ಬಂದಾಗ ಕಟ್ಟಿ, ಬಳಸಿಕೊಂಡ ಮೊತ್ತಕ್ಕೆ ಬಳಸಿದಷ್ಟು ದಿನದ ಬಡ್ಡಿ ಮಾತ್ರ ತೆರುತ್ತಾನೆ. ಆ ಮಿತಿಯನ್ನು ಗೊತ್ತುಮಾಡಲು ಪ್ರೊಬೇಷನರಿ ಅಧಿಕಾರಿ ಅವನ ಲೆಕ್ಕಪತ್ರ ಓದುತ್ತಾನೆ, ತಯಾರಿಕೆಯ ಜಾಗಕ್ಕೆ ಹೋಗಿ ದಾಸ್ತಾನು ನೋಡುತ್ತಾನೆ, ವಿದ್ಯುತ್ ಬಿಲ್ಲನ್ನು ತಯಾರಿಕೆಯ ಲೆಕ್ಕದೊಡನೆ ಹೋಲಿಸುತ್ತಾನೆ, ಅಕ್ಕಪಕ್ಕದ ಅಂಗಡಿಗಳಲ್ಲಿ ಅವನ ವ್ಯವಹಾರದ ಬಗ್ಗೆ ವಿಚಾರಿಸುತ್ತಾನೆ. ಕಾಗದದ ಮೇಲೆ ಚೆನ್ನಾಗಿ ಕಾಣುವ ಉದ್ದಿಮೆ ಸ್ಥಳದಲ್ಲಿ ಬೀಗ ಹಾಕಿರುವುದುಂಟು. ಲೆಕ್ಕಪತ್ರವೇ ಸರಿಯಾಗಿ ಬರೆದಿಡದ ಚಿಕ್ಕ ಉದ್ದಿಮೆದಾರ ಒಂದು ದಿನವೂ ಸಾಲ ತಪ್ಪಿಸದ ಪ್ರಾಮಾಣಿಕನಾಗಿರುವುದೂ ಉಂಟು. ವಾಣಿಜ್ಯ ಪದವೀಧರನಿಗೆ ಲೆಕ್ಕಪತ್ರವನ್ನು ಓದುವುದು ಗೊತ್ತು. ಮನುಷ್ಯನನ್ನು ಓದಲು ಶಾಖೆಯೇ ಕಲಿಸಬೇಕು.

ಕೊಟ್ಟ ಸಾಲ ಮರಳದಿದ್ದರೆ ಏನಾಗುತ್ತದೆ ಎಂಬುದನ್ನೂ ಅವನು ಆಗಲೇ ನೋಡುತ್ತಾನೆ. ಬಡ್ಡಿಯೋ ಕಂತೋ 90 ದಿನಗಳಿಗಿಂತ ಹೆಚ್ಚು ಕಾಲ ಬಾಕಿ ಉಳಿದರೆ ಆ ಸಾಲವನ್ನು ಅನುತ್ಪಾದಕ ಆಸ್ತಿ, ಅಂದರೆ ಬ್ಯಾಂಕಿಗೆ ಆದಾಯ ತರುವುದನ್ನು ನಿಲ್ಲಿಸಿದ ಆಸ್ತಿ, ಎಂದು ವರ್ಗೀಕರಿಸಬೇಕು. ಬೆಳೆಸಾಲಕ್ಕೆ ಈ ಲೆಕ್ಕ ದಿನಗಳ ಬದಲು ಬೆಳೆಯ ಹಂಗಾಮಿನ ಮೇಲೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಬ್ಯಾಂಕು ತನ್ನ ಲಾಭದಿಂದ ಒಂದು ಪಾಲನ್ನು ಸಂಭವನೀಯ ನಷ್ಟಕ್ಕೆಂದು ತೆಗೆದಿಡಬೇಕಾಗುತ್ತದೆ. ಅಡವಿಟ್ಟ ಆಸ್ತಿಯನ್ನು ನ್ಯಾಯಾಲಯಕ್ಕೆ ಹೋಗದೆ ವಶಪಡಿಸಿಕೊಳ್ಳಲು 2002ರ ಸರ್ಫೇಸಿ ಕಾಯ್ದೆ ಬ್ಯಾಂಕಿಗೆ ಅಧಿಕಾರ ಕೊಟ್ಟಿದೆ. ಕೃಷಿಭೂಮಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಸುಸ್ತಿದಾರನ ಮನೆಗೆ ವಸೂಲಿಗೆ ಹೋದ ತರುಣ ಅಧಿಕಾರಿ, ಕಟ್ಟಲಾರದವನನ್ನೂ ಕಟ್ಟದವನನ್ನೂ ಬೇರ್ಪಡಿಸಿ ನೋಡುವುದನ್ನು ಅಲ್ಲೇ ಕಲಿಯುತ್ತಾನೆ. ಕಾಯಿಲೆಯಿಂದ ಮಲಗಿದವನ ಮನೆಯಲ್ಲಿ ಕಂತಿನ ಅವಧಿಯನ್ನು ವಿಸ್ತರಿಸುವ ದಾರಿ ಹೇಳಬೇಕು. ಸಾಲದ ಹಣದಲ್ಲಿ ಬೇರೆ ಊರಲ್ಲಿ ನಿವೇಶನ ಕೊಂಡವನಿಗೆ ನೋಟಿಸು ಕೊಡಬೇಕು. ಈ ಎರಡನ್ನೂ ಒಂದೇ ಧಾಟಿಯಲ್ಲಿ ಮಾಡುವ ಅಧಿಕಾರಿ ಕೆಟ್ಟ ಅಧಿಕಾರಿಯೇ ಸರಿ.

ಗ್ರಾಮೀಣ ಶಾಖೆಯ ತಿಂಗಳುಗಳನ್ನು ನಗರದ ಪದವೀಧರರು ಶಿಕ್ಷೆಯೆಂದು ಭಾವಿಸುವುದುಂಟು. ಆದರೆ ಈ ಅವಧಿಯಷ್ಟು ಕಲಿಸುವ ಭಾಗ ಇನ್ನೊಂದಿಲ್ಲ. ದೇಶದ ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದಲ್ಲಿ ಶೇ. 40ರಷ್ಟನ್ನು ಆದ್ಯತಾ ವಲಯಕ್ಕೆ, ಅದರೊಳಗೆ ಶೇ. 18ರಷ್ಟನ್ನು ಕೃಷಿಗೆ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಅಂಕಿ ಕಾರ್ಯರೂಪಕ್ಕೆ ಬರುವುದು ಹಳ್ಳಿಯ ಶಾಖೆಯಲ್ಲಿ. ಯಾವ ಬೆಳೆಗೆ ಎಕರೆಗೆ ಎಷ್ಟು ಸಾಲ ಎಂಬುದನ್ನು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ಗೊತ್ತುಮಾಡುತ್ತದೆ. ಅದನ್ನು ರೈತನ ಪಹಣಿಯಲ್ಲಿರುವ ವಿಸ್ತೀರ್ಣಕ್ಕೆ ಗುಣಿಸಿ, ಪಹಣಿಯಲ್ಲಿ ಬೇರೆ ಋಣಭಾರ ಇದೆಯೇ ಎಂದು ನೋಡಿ, 1998ರಿಂದ ಜಾರಿಯಲ್ಲಿರುವ ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿಯನ್ನು ನಿರ್ಧರಿಸುತ್ತಾರೆ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದು, ಮೂವರು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಉಳುಮೆ ಮಾಡುತ್ತಿರುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಅಂಥ ಕಡೆ ಕಾನೂನನ್ನು ಮುರಿಯದೆ ಸಾಲ ಒದಗಿಸುವ ದಾರಿ ಹುಡುಕಲು ಅಧಿಕಾರಿಗೆ ಗ್ರಾಮ ಆಡಳಿತಾಧಿಕಾರಿಯ ಕಚೇರಿಯ ಪರಿಚಯವೂ ಬೇಕು, ರೈತರೊಡನೆ ಕೂತು ಮಾತಾಡುವ ವ್ಯವಧಾನವೂ ಬೇಕು. ಸ್ವಸಹಾಯ ಸಂಘಗಳ ಲೆಕ್ಕಪುಸ್ತಕವೂ ಅಷ್ಟೇ ಒಳ್ಳೆಯ ಪಾಠ. ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯು 1980ರ ದಶಕದಲ್ಲಿ ಕಟ್ಟಿದ ಇಂಥ ಗುಂಪುಗಳ ಅನುಭವವು 1992ರಲ್ಲಿ ನಬಾರ್ಡ್ ಆರಂಭಿಸಿದ ಸಂಘ ಮತ್ತು ಬ್ಯಾಂಕುಗಳ ಜೋಡಣೆಯ ಕಾರ್ಯಕ್ರಮಕ್ಕೆ ದಾರಿ ತೋರಿದವುಗಳಲ್ಲೊಂದು. ಅಡವಿಡಲು ಏನೂ ಇಲ್ಲದ ಹೆಂಗಸರು ಪರಸ್ಪರರ ಮಾತಿನ ಮೇಲೆ ಸಾಲ ಪಡೆದು ತೀರಿಸುವುದನ್ನು ಕಣ್ಣಾರೆ ಕಂಡವನಿಗೆ ಭದ್ರತೆ ಎಂಬ ಪದದ ಅರ್ಥ ಹಿಗ್ಗುತ್ತದೆ.

ಇಷ್ಟೆಲ್ಲ ಸುತ್ತಾಟದ ನಡುವೆ ಒಬ್ಬೊಬ್ಬರಿಗೆ ಒಂದೊಂದು ದಾರಿ ತೆರೆದುಕೊಳ್ಳುತ್ತದೆ. ಜನರ ಒಡನಾಟ ಹಿಡಿಸಿದವರು ಶಾಖೆಯ ಆಡಳಿತದತ್ತ, ಲೆಕ್ಕಪತ್ರಗಳ ಒಳಹೊಕ್ಕು ನೋಡುವುದು ಹಿಡಿಸಿದವರು ಉದ್ದಿಮೆಗಳ ಸಾಲವನ್ನು ಪರಿಶೀಲಿಸುವ ವಿಭಾಗದತ್ತ ಹೋಗುತ್ತಾರೆ. ವಿದೇಶಿ ವಿನಿಮಯ ವಿಭಾಗ ಮತ್ತೊಂದು ಲೋಕ. ಚಿಕ್ಕಮಗಳೂರಿನ ಕಾಫಿ, ಮಂಗಳೂರಿನ ಗೋಡಂಬಿ, ಬೆಂಗಳೂರಿನ ಸಿದ್ಧ ಉಡುಪು ಹಡಗೇರುವ ಮುನ್ನ ರಫ್ತುದಾರನಿಗೆ ಕೊಡುವ ಸಾಲವನ್ನು, ಮತ್ತು ಕೊಳ್ಳುವವನ ಬ್ಯಾಂಕು ದಾಖಲೆಗಳು ಸರಿಯಾಗಿದ್ದರೆ ಹಣ ಕೊಡುವುದಾಗಿ ಮಾತು ಕೊಡುವ ಲೆಟರ್ ಆಫ್ ಕ್ರೆಡಿಟ್ ಎಂಬ ಭರವಸೆಪತ್ರವನ್ನು ಅಲ್ಲಿ ನಿರ್ವಹಿಸುತ್ತಾರೆ. ದಾಖಲೆಯ ಒಂದು ಅಕ್ಷರ ತಪ್ಪಿದರೂ ಹಣ ನಿಲ್ಲುವ ಕೆಲಸವಾದ್ದರಿಂದ ಸೂಕ್ಷ್ಮದೃಷ್ಟಿಯವರಿಗೆ ಇದು ಒಗ್ಗುತ್ತದೆ. ಬ್ಯಾಂಕಿನ ಬಳಿ ಉಳಿದ ಹಣವನ್ನು ಸರ್ಕಾರಿ ಸಾಲಪತ್ರ ಮತ್ತಿತರ ಕಡೆ ತೊಡಗಿಸುವ ಟ್ರೆಷರಿ, ವಂಚನೆ ಮತ್ತು ನಷ್ಟದ ಸಂಭವವನ್ನು ಮುಂಚಿತವಾಗಿ ಅಂದಾಜು ಮಾಡುವ ಅಪಾಯ ನಿರ್ವಹಣೆ, ಡಿಜಿಟಲ್ ಸೇವೆಗಳ ವಿಭಾಗ, ಆಂತರಿಕ ಲೆಕ್ಕಪರಿಶೋಧನೆ ಇವೂ ಇವೆ. ಕಾನೂನು, ಕೃಷಿ, ಮಾಹಿತಿ ತಂತ್ರಜ್ಞಾನ ಮೊದಲಾದ ವಿಷಯಗಳಲ್ಲಿ ಓದಿದವರಿಗೆ ತಜ್ಞ ಅಧಿಕಾರಿಗಳ ಪ್ರತ್ಯೇಕ ನೇಮಕವೂ ಉಂಟು. ಆದರೆ ಸಾಮಾನ್ಯ ಅಧಿಕಾರಿಯಾಗಿ ಸೇರಿದವನಿಗೆ ಇವೆಲ್ಲವನ್ನೂ ನೋಡಿ ಆಮೇಲೆ ಒಲವು ತೋರುವ ಸವಲತ್ತಿದೆ.

ಪದವಿಯ ವಿಷಯಕ್ಕೂ ಕೊನೆಗೆ ಸೇರುವ ಸ್ಥಾನಕ್ಕೂ ನಂಟು ಕಡಿಮೆ ಎಂಬುದನ್ನು ಎಸ್.ಬಿ.ಐ.ಯ ಇತ್ತೀಚಿನ ಇತಿಹಾಸವೇ ತೋರಿಸುತ್ತದೆ. 1977ರಲ್ಲಿ ಪ್ರೊಬೇಷನರಿ ಅಧಿಕಾರಿಯಾಗಿ ಸೇರಿದ ಅರುಂಧತಿ ಭಟ್ಟಾಚಾರ್ಯ ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿನಿ. 2013ರಲ್ಲಿ ಅವರು ಆ ಬ್ಯಾಂಕಿನ ಮೊದಲ ಮಹಿಳಾ ಅಧ್ಯಕ್ಷರಾದರು. 1988ರಲ್ಲಿ ಅದೇ ಹುದ್ದೆಗೆ ಸೇರಿದ ಚಲ್ಲಾ ಶ್ರೀನಿವಾಸುಲು ಶೆಟ್ಟಿ ಓದಿದ್ದು ಕೃಷಿ ವಿಜ್ಞಾನ. 2024ರ ಆಗಸ್ಟಿನಲ್ಲಿ ಅವರು ಅಧ್ಯಕ್ಷ ಸ್ಥಾನಕ್ಕೆ ಬಂದರು. ಅವರ ಹಿಂದಿನ ಅಧ್ಯಕ್ಷ ದಿನೇಶ್ ಕುಮಾರ್ ಖಾರಾ 1984ರ ಪ್ರೊಬೇಷನರಿ ಅಧಿಕಾರಿ. ಕನ್ನಡ ಸಾಹಿತ್ಯದಲ್ಲೋ ಸಸ್ಯಶಾಸ್ತ್ರದಲ್ಲೋ ಪದವಿ ಪಡೆದವರು ಬ್ಯಾಂಕು ತಮ್ಮದಲ್ಲವೆಂದು ಹಿಂಜರಿಯಲು ಕಾರಣವಿಲ್ಲ.

ಎರಡು ವರ್ಷಗಳ ಕೊನೆಗೆ ಮೌಲ್ಯಮಾಪನ ಇರುತ್ತದೆ. ಎಸ್.ಬಿ.ಐ.ಯಲ್ಲಿ ನಿಗದಿತ ಮಟ್ಟವನ್ನು ಮುಟ್ಟಿದವರಿಗೆ ನೇರವಾಗಿ ಎರಡನೆಯ ಶ್ರೇಣಿ ದೊರೆಯಬಹುದು, ಅಷ್ಟಕ್ಕೆ ಮುಟ್ಟದವರು ಒಂದನೆಯ ಶ್ರೇಣಿಯಲ್ಲೇ ಕಾಯಂ ಆಗಬಹುದು, ಕನಿಷ್ಠ ಮಟ್ಟವನ್ನೂ ತಲುಪದವರ ಸೇವೆ ಕೊನೆಗೊಳ್ಳಬಹುದು. ಅಧಿಕಾರಿಗಳಿಗೆ ಹಲವು ಶ್ರೇಣಿಗಳಿದ್ದು, ಬಡ್ತಿಯಲ್ಲಿ ಸೇವಾವಧಿಯೊಡನೆ ಪರೀಕ್ಷೆ, ಸಂದರ್ಶನ, ಗ್ರಾಮೀಣ ಮತ್ತು ಅರೆನಗರ ಪ್ರದೇಶದ ಸೇವೆ ಇವೂ ಲೆಕ್ಕಕ್ಕೆ ಬರುತ್ತವೆ. ಮುಂಬೈಯಲ್ಲಿರುವ, 1928ರಲ್ಲಿ ಸ್ಥಾಪನೆಯಾದ ಬ್ಯಾಂಕರುಗಳ ಸಂಸ್ಥೆಯು ನಡೆಸುವ ಜೆ.ಎ.ಐ.ಐ.ಬಿ. ಮತ್ತು ಸಿ.ಎ.ಐ.ಐ.ಬಿ. ಎಂಬ ಎರಡು ವೃತ್ತಿ ಪರೀಕ್ಷೆಗಳನ್ನು ಪಾಸು ಮಾಡಿದರೆ ಸಂಬಳದಲ್ಲಿ ಹೆಚ್ಚುವರಿ ಬಡ್ತಿ ಸಿಗುತ್ತದೆ. ಓದು ಇನ್ನೂ ಕೈಯಲ್ಲಿರುವ ಪರಿವೀಕ್ಷಣಾ ಅವಧಿಯಲ್ಲೇ ಮೊದಲನೆಯದನ್ನು ಮುಗಿಸಿಕೊಳ್ಳುವುದು ಜಾಣತನ. ಮದುವೆ, ಮಕ್ಕಳು, ವರ್ಗಾವಣೆ ಇವೆಲ್ಲ ಸೇರಿದ ಮೇಲೆ ಪುಸ್ತಕ ಹಿಡಿಯುವುದು ಕಷ್ಟ.

ಈ ಪದ್ಧತಿಯ ಕೊರತೆಗಳನ್ನು ಮುಚ್ಚಿಡಬೇಕಾಗಿಲ್ಲ. ಸಿಬ್ಬಂದಿ ಕಡಿಮೆ ಇರುವ ಶಾಖೆಗೆ ಬಂದ ಪ್ರೊಬೇಷನರಿ ಅಧಿಕಾರಿಯನ್ನು ಕಲಿಯಲು ಬಂದವನೆಂದು ಯಾರೂ ನೋಡುವುದಿಲ್ಲ. ಖಾಲಿ ಕುರ್ಚಿ ತುಂಬಲು ಬಂದವನೆಂದು ನೋಡುತ್ತಾರೆ. ಒಂದೇ ಕೌಂಟರಿನಲ್ಲಿ ಇಡೀ ವರ್ಷ ಕಳೆದು, ಸಾಲದ ಕಡತವೊಂದನ್ನೂ ಮುಟ್ಟದೆ ಕಾಯಂ ಆದವರಿದ್ದಾರೆ. ವಿಮೆ ಮತ್ತು ಮ್ಯೂಚುವಲ್ ಫಂಡುಗಳನ್ನು ಗ್ರಾಹಕರಿಗೆ ಮಾರುವ ಗುರಿಯನ್ನು ತರಬೇತಿಯಲ್ಲಿರುವವರ ಹೆಗಲಿಗೂ ಏರಿಸುವುದು ಇನ್ನೂ ಕೆಟ್ಟ ಅಭ್ಯಾಸ. ಠೇವಣಿಯ ಹಣಕ್ಕೆ ಬಂದ ವೃದ್ಧರಿಗೆ ಅರ್ಥವಾಗದ ಪಾಲಿಸಿಯನ್ನು ಅಂಟಿಸಿ ಗುರಿ ಮುಟ್ಟುವುದನ್ನು ಮೊದಲ ವರ್ಷದಲ್ಲೇ ಕಲಿತವನು ಬೇರೆ ಯಾವ ಒಳ್ಳೆಯದನ್ನು ಕಲಿತರೂ ಅದು ನಿಲ್ಲುವುದಿಲ್ಲ. ದೂರದ ರಾಜ್ಯಗಳಿಗೆ ವರ್ಗವಾಗುವ ಹೊರೆ, ವಿಶೇಷವಾಗಿ ಹೆಣ್ಣುಮಕ್ಕಳ ಮೇಲೆ, ಭಾರವಾಗಿಯೇ ಬೀಳುತ್ತದೆ. ಬಾಡಿಗೆ ಮನೆ, ಸುರಕ್ಷಿತ ಓಡಾಟ ಇವುಗಳ ವ್ಯವಸ್ಥೆಯನ್ನು ಬ್ಯಾಂಕುಗಳು ಹೊಸಬರ ಅದೃಷ್ಟಕ್ಕೆ ಬಿಡಬಾರದು.

ಭಾಷೆಯ ಪ್ರಶ್ನೆ ಕರ್ನಾಟಕದ ಮಟ್ಟಿಗೆ ಗಂಭೀರವಾದುದು. ಪ್ರೊಬೇಷನರಿ ಅಧಿಕಾರಿಗಳ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ; ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಪದವೀಧರ ಗಣಿತ, ತರ್ಕಗಳನ್ನೂ ತನ್ನದಲ್ಲದ ನುಡಿಯಲ್ಲಿ ಬಿಡಿಸಬೇಕಾಗುತ್ತದೆ. ಹಿಂದಿ ಬಲ್ಲವನಿಗೆ ಸಿಗುವ ಅನುಕೂಲ ಕನ್ನಡ ಬಲ್ಲವನಿಗೂ ಸಿಗಬೇಕೆಂಬ ಬೇಡಿಕೆ ನ್ಯಾಯವಾದುದೇ. ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು 2019ರಲ್ಲಿ ಕೇಂದ್ರ ಸರ್ಕಾರ ಅವಕಾಶ ಕೊಟ್ಟಿತು. ಈ ಬ್ಯಾಂಕುಗಳಲ್ಲಿ ಅಧಿಕಾರಿಗೆ ಸ್ಥಳೀಯ ಭಾಷೆ ಗೊತ್ತಿರಬೇಕು, ಕೆಲಸವೂ ಆ ಬ್ಯಾಂಕಿನ ವ್ಯಾಪ್ತಿಯ ಜಿಲ್ಲೆಗಳಲ್ಲೇ ಇರುತ್ತದೆ. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಮತ್ತು ಬಳ್ಳಾರಿಯ ಕರ್ನಾಟಕ ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಒಂದಾಗಿ, ಬಳ್ಳಾರಿಯನ್ನು ಕೇಂದ್ರವಾಗಿಸಿಕೊಂಡ ಕರ್ನಾಟಕ ಗ್ರಾಮೀಣ ಬ್ಯಾಂಕ್ ಈಗ ಇಡೀ ರಾಜ್ಯಕ್ಕೆ ಒಂದೇ ಇದೆ. ಎಸ್.ಬಿ.ಐ. ವಲಯವಾರು ನೇಮಿಸುವ ಅಧಿಕಾರಿಗಳ ಹುದ್ದೆಗೂ ಸ್ಥಳೀಯ ಭಾಷೆಯ ಜ್ಞಾನ ಅಗತ್ಯ, ಆದರೆ ಅದಕ್ಕೆ ಬ್ಯಾಂಕಿನ ಅನುಭವವನ್ನೂ ಕೇಳುತ್ತಾರೆ. ಊರು ಬಿಡಲಾರದ, ಕನ್ನಡವೇ ಬಲವಾಗಿರುವ ಅಭ್ಯರ್ಥಿಗಳು ಗ್ರಾಮೀಣ ಬ್ಯಾಂಕನ್ನು ಎರಡನೆಯ ಆಯ್ಕೆಯೆಂದು ಕೀಳಾಗಿ ಕಾಣದೆ ಮೊದಲ ಆಯ್ಕೆಯಾಗಿಯೇ ಪರಿಗಣಿಸಬಹುದು.

ಖಾಸಗಿ ಬ್ಯಾಂಕುಗಳ ದಾರಿ ಬೇರೆ. ಅವುಗಳಲ್ಲಿ ಕೆಲವು ಶಿಕ್ಷಣ ಸಂಸ್ಥೆಗಳೊಡನೆ ಸೇರಿ ಸುಮಾರು ಒಂದು ವರ್ಷದ ಡಿಪ್ಲೊಮಾ ನಡೆಸಿ, ಮುಗಿಸಿದವರನ್ನು ಅಧಿಕಾರಿಗಳಾಗಿ ತೆಗೆದುಕೊಳ್ಳುತ್ತವೆ. ಮಣಿಪಾಲದ ಶಿಕ್ಷಣ ಸಮೂಹವು ಬ್ಯಾಂಕಿನೊಡನೆ ಕೂಡಿ ಬೆಂಗಳೂರಿನಲ್ಲಿ ಕಟ್ಟಿದ ಐಸಿಐಸಿಐ ಮಣಿಪಾಲ್ ಅಕಾಡೆಮಿ ಇಂಥದು. ಇಲ್ಲಿ ಶುಲ್ಕವನ್ನು ಅಭ್ಯರ್ಥಿಯೇ, ಬಹುಮಟ್ಟಿಗೆ ಶಿಕ್ಷಣ ಸಾಲದ ಮೂಲಕ, ಭರಿಸುತ್ತಾನೆ. ಸೇರುವ ಮುನ್ನ ಕೆಲಸದ ಭರವಸೆ ಲಿಖಿತವಾಗಿದೆಯೇ, ಆರಂಭದ ಸಂಬಳದಲ್ಲಿ ಸಾಲದ ಕಂತು ಕಟ್ಟಿ ಎಷ್ಟು ಉಳಿಯುತ್ತದೆ, ಮಧ್ಯೆ ಬಿಟ್ಟರೆ ಏನು ಎಂಬ ಮೂರು ಪ್ರಶ್ನೆಗಳಿಗೆ ಮನೆಯವರೊಡನೆ ಕೂತು ಉತ್ತರ ಕಂಡುಕೊಳ್ಳಬೇಕು.

ನೇಮಕದ ಪತ್ರ ಈಗಾಗಲೇ ಕೈಸೇರಿದವರು ಸಣ್ಣದೊಂದು ಕೆಲಸವನ್ನು ಮೊದಲ ತಿಂಗಳಿನಿಂದಲೇ ಆರಂಭಿಸಬಹುದು. ಶಾಖೆಯ ಹಿರಿಯರ ಅನುಮತಿ ಪಡೆದು, ಪೂರ್ತಿ ತೀರಿದ ಸಾಲದ ಕಡತವೊಂದನ್ನೂ ಕೆಟ್ಟುಹೋದ ಸಾಲದ ಕಡತವೊಂದನ್ನೂ ಶಾಖೆಯಲ್ಲೇ ಕೂತು ಅರ್ಜಿಯಿಂದ ಕೊನೆಯ ಹಾಳೆಯವರೆಗೆ ಓದಿ, ಎರಡೂ ಎಲ್ಲಿ ಬೇರೆಯಾದವು ಎಂದು ಗುರುತಿಸಿಕೊಳ್ಳುವುದು ಆ ಕೆಲಸ. ಇನ್ನು ಶಾಖೆಗಳ ಮ್ಯಾನೇಜರುಗಳಲ್ಲಿ ಒಂದು ವಿನಂತಿ. ತಮ್ಮ ಬಳಿಗೆ ಕಲಿಯಲು ಬಂದ ತರುಣ ತರುಣಿಯರನ್ನು, ಎಷ್ಟೇ ಕೆಲಸದ ಒತ್ತಡವಿದ್ದರೂ, ವಾರಕ್ಕೆ ಒಂದು ಮಧ್ಯಾಹ್ನವಾದರೂ ಕೌಂಟರಿನಿಂದ ಬಿಡಿಸಿ, ಸಾಲಗಾರರ ಮನೆಗೂ ಅಂಗಡಿಗೂ ಹೊಲಕ್ಕೂ ತಮ್ಮ ಜೊತೆಯಲ್ಲಿ ಕರೆದುಕೊಂಡು ಹೋಗಬೇಕು.